ಮೊದಲ ಪಾಸ್ ನೆಲಕ್ಕೆ ಬಿತ್ತು

ಪ್ರಶ್ನೆ: ಮಗಳು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಓದುತ್ತಿದ್ದಾಳೆ. ನಾವು ಹೋಗಿದ್ದಾಗ ಒಂದು ಕಾಲೇಜು ಫುಟ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋದಳು. ಅರ್ಧ ಆಟ ಅರ್ಥವಾಗಲಿಲ್ಲ. ಆದರೆ ಒಬ್ಬ ಚೆಂಡನ್ನು ಅಷ್ಟು ದೂರ ಎಸೆಯೋದು, ಇನ್ನೊಬ್ಬ ಓಡುತ್ತಲೇ ಹಿಡಿಯೋದು ನೋಡಿ ಖುಷಿಯಾಯಿತು. ಈ ಎಸೆತ ಶುರು ಮಾಡಿದ್ದು ನೋಟರ್ ಡೇಮ್ ಕಾಲೇಜಿನ ನೂಟ್ ರಾಕ್ನಿ ಎಂದು ಪಕ್ಕದಲ್ಲಿ ಕೂತಿದ್ದವರು ಹೇಳಿದರು. ಮಗಳ ಗೆಳತಿ ಮಾತ್ರ, ಅಲ್ಲ, ಬ್ರಾಡ್‌ಬರಿ ರಾಬಿನ್ಸನ್ ಅನ್ನೋ ಮೆಡಿಕಲ್ ವಿದ್ಯಾರ್ಥಿ, ಅದೂ ನಮ್ಮ ವಿಸ್ಕಾನ್ಸಿನ್‌ನಲ್ಲೇ ಎಸೆದದ್ದು ಎಂದು ವಾದಕ್ಕೆ ನಿಂತಳು. ಯಾರು ಸರಿ? ಚೆಂಡು ಎಸೆಯೋದರಲ್ಲಿ ಹೊಸದಾಗಿ ಕಂಡುಹಿಡಿಯೋಕೆ ಏನಿದೆ?

ಉತ್ತರ: ನಿಮ್ಮ ಮಗಳ ಗೆಳತಿ ಹೇಳಿದ್ದೇ ಸರಿ. ಪಕ್ಕದಲ್ಲಿ ಕೂತಿದ್ದವರ ಮಾತನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ನಿಜ ಹೇಳಬೇಕೆಂದರೆ ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಹಿಡಿಸಿತು. ಕಲ್ಲು ಬೀಸಿ ಮಾವಿನಕಾಯಿ ಕೆಡವಿದ ಯಾರಿಗಾದರೂ ಬರುವ ಅನುಮಾನ ಇದು. ಎಸೆಯೋಕೆ ಯಾರು ಹೇಳಿಕೊಡಬೇಕು? ಆದರೆ ಅಮೆರಿಕದ ಫುಟ್‌ಬಾಲಿನಲ್ಲಿ 1906ರವರೆಗೆ ಚೆಂಡನ್ನು ಮುಂದಕ್ಕೆ ಎಸೆಯೋದೇ ತಪ್ಪಾಗಿತ್ತು. ಈ ಎಸೆತಕ್ಕೇ ಫಾರ್ವರ್ಡ್ ಪಾಸ್, ಚಿಕ್ಕದಾಗಿ ಪಾಸ್ ಅನ್ನೋದು. ತಪ್ಪಲ್ಲ ಎಂದು ನಿಯಮ ಬದಲಾದ ಮೇಲೂ ಹೆಚ್ಚಿನವರಿಗೆ ಎಸೆಯುವ ಧೈರ್ಯ ಬರಲಿಲ್ಲ. ಧೈರ್ಯ ಮಾಡಿದವರ ಕೈಯಲ್ಲಿ ಚೆಂಡು ನೆಟ್ಟಗೆ ಹೋಗುತ್ತಿರಲಿಲ್ಲ. ಮೊದಲು ಎಸೆದವನು ಯಾರು ಅನ್ನೋದಕ್ಕಿಂತ, ಎಸೆತವನ್ನು ನಂಬಬಹುದಾದ ಆಯುಧ ಮಾಡಿದವನು ಯಾರು ಅನ್ನೋದು ದೊಡ್ಡ ಪ್ರಶ್ನೆ. ರಾಬಿನ್ಸನ್ ವಿಷಯದಲ್ಲಿ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಅದಕ್ಕೇ ಅವನ ಕಥೆ ಹೇಳೋಕೆ ನನಗೆ ಇಷ್ಟ.

ಮೊದಲು ಆಟ ಹೇಗಿತ್ತು ನೋಡೋಣ. ಹೆಸರು ಫುಟ್‌ಬಾಲ್ ಆದರೂ ಇಲ್ಲಿ ಕಾಲಿಗೆ ಕೆಲಸ ಕಡಿಮೆ. ರಗ್ಬಿಯ ಹೊಟ್ಟೆಯಿಂದ ಹುಟ್ಟಿದ ಆಟ ಇದು. ಕಡೆಗೆ 11 ಜನ. ಎರಡು ತಂಡಗಳೂ ಒಂದು ಗೆರೆಯ ಆಚೆ ಈಚೆ ಎದುರುಬದುರಾಗಿ ಬಾಗಿ ನಿಲ್ಲುತ್ತವೆ. ಚೆಂಡು ಇರುವ ತಂಡದ ನಡುವಿನವನು ಅದನ್ನು ಕಾಲಸಂದಿಯಿಂದ ಹಿಂದಕ್ಕೆ ದಾಟಿಸುತ್ತಾನೆ. ಅಲ್ಲಿಂದ ಅದನ್ನು ಮುಂದಕ್ಕೆ ಒಯ್ಯಬೇಕು. ಎದುರಾಳಿಗಳು ಹಿಡಿದು ಕೆಡವಿದರೆ ಒಂದು ಸರದಿ ಮುಗಿಯಿತು. ಈ ಸರದಿಗೇ ಡೌನ್ ಅನ್ನೋದು. 1905ರ ತನಕ ಮೂರು ಡೌನ್‌ಗಳಲ್ಲಿ ಬರೀ 5 ಗಜ ಮುಂದೆ ಹೋದರೆ ಸಾಕಿತ್ತು, ಚೆಂಡು ನಿಮ್ಮಲ್ಲೇ ಉಳಿಯುತ್ತಿತ್ತು.

ಐದೇ ಗಜ ಸಾಕು ಅಂದ ಮೇಲೆ ತಲೆ ಯಾಕೆ ಓಡಿಸಬೇಕು? ಎಲ್ಲರೂ ಒಟ್ಟಾಗಿ ಒತ್ತಿಕೊಂಡು, ಚೆಂಡು ಹಿಡಿದವನನ್ನು ನಡುವೆ ಇಟ್ಟುಕೊಂಡು ನುಗ್ಗುತ್ತಿದ್ದರು. ಕಬಡ್ಡಿಯಲ್ಲಿ ಒಬ್ಬನ ಮೇಲೆ ಏಳು ಜನ ಬೀಳೋದು ನೋಡಿದ್ದೀರಲ್ಲ. ಇಲ್ಲಿ ಹನ್ನೊಂದು ಜನರ ಗುಂಪಿಗೆ ಇನ್ನೊಂದು ಹನ್ನೊಂದು ಜನರ ಗುಂಪು ಡಿಕ್ಕಿ ಹೊಡೆಯುತ್ತಿತ್ತು. ತಲೆಗೆ ಹೆಲ್ಮೆಟ್ ಕಡ್ಡಾಯ ಇರಲಿಲ್ಲ. ಕಾಲೇಜು ಆಟದಲ್ಲಿ ಅದು ಕಡ್ಡಾಯವಾಗಿದ್ದು 1939ರಲ್ಲಿ! ರಾಶಿಯ ಅಡಿಯಲ್ಲಿ ಏನು ನಡೆಯುತ್ತದೆ ಅನ್ನೋದು ರೆಫರಿಗೂ ಕಾಣುತ್ತಿರಲಿಲ್ಲ. ಗುದ್ದು, ಒದೆ, ಕಚ್ಚೋದು ಎಲ್ಲ ಅಲ್ಲೇ.

1905ರ ಒಂದೇ ಸೀಸನ್‌ನಲ್ಲಿ 18-19 ಹುಡುಗರು ಸತ್ತರು ಎಂದು ಆಗಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಅವರಲ್ಲಿ ಹೆಚ್ಚಿನವರು ಹೈಸ್ಕೂಲ್ ಹುಡುಗರು. ಆ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳವರನ್ನು ವೈಟ್ ಹೌಸ್‌ಗೆ ಕರೆಸಿ ಆಟವನ್ನು ಸರಿಮಾಡಿ ಎಂದರು. ಅವರು ಆಟದ ವೈರಿ ಅಲ್ಲ, ಅಭಿಮಾನಿ. ಅವರ ಮಗನೇ ಹಾರ್ವರ್ಡ್‌ನಲ್ಲಿ ಆಡುತ್ತಿದ್ದ. ಅದಾಗಿ ಒಂದೂವರೆ ತಿಂಗಳಿಗೆ, ನ್ಯೂಯಾರ್ಕ್ ಯೂನಿವರ್ಸಿಟಿ ಎದುರು ಆಡುತ್ತಿದ್ದ ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ಎಂಬ ಆಟಗಾರ ತಲೆಗೆ ಪೆಟ್ಟು ಬಿದ್ದು ಸತ್ತ. ನ್ಯೂಯಾರ್ಕ್ ಯೂನಿವರ್ಸಿಟಿಯ ಮುಖ್ಯಸ್ಥ ಹೆನ್ರಿ ಮೆಕ್ರಾಕೆನ್ ಬೇರೆ ಕಾಲೇಜುಗಳನ್ನೆಲ್ಲ ಸಭೆಗೆ ಕರೆದರು. ಕೊಲಂಬಿಯಾ ಕಾಲೇಜು ಆಟವನ್ನೇ ಕೈಬಿಟ್ಟಿತು. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ರಗ್ಬಿಗೆ ಹೋದವು.

ಗುಂಪನ್ನು ಚದುರಿಸಬೇಕು ಅನ್ನೋದರಲ್ಲಿ ಎಲ್ಲರೂ ಒಂದೇ. ಹೇಗೆ ಅನ್ನೋದರಲ್ಲಿ ಜಗಳ. ಮೈದಾನವನ್ನೇ ಅಗಲ ಮಾಡೋಣ ಎಂದರು ಕೆಲವರು. ಅಷ್ಟರಲ್ಲಿ ಹಾರ್ವರ್ಡ್‌ನವರು 1903ರಲ್ಲಿ ಕಾಂಕ್ರೀಟಿನ ದೊಡ್ಡ ಸ್ಟೇಡಿಯಂ ಕಟ್ಟಿಬಿಟ್ಟಿದ್ದರು, ಅದನ್ನು ಒಡೆದು ಅಗಲ ಮಾಡೋದು ಆಗದ ಮಾತು. ಉಳಿದ ದಾರಿ, ಚೆಂಡನ್ನು ಗುಂಪಿನ ತಲೆ ಮೇಲಿಂದ ದಾಟಿಸೋಕೆ ಬಿಡುವುದು. ಕೋಚ್ ಜಾನ್ ಹೈಸ್‌ಮನ್ ವರ್ಷಗಟ್ಟಲೆ ಇದನ್ನೇ ಕೇಳುತ್ತಿದ್ದರು. 1895ರಲ್ಲಿ ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ ಮತ್ತು ಜಾರ್ಜಿಯಾ ಆಡುವಾಗ, ಕಿಕ್ ಮಾಡಬೇಕಿದ್ದವನು ಗಾಬರಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆದುಬಿಟ್ಟ. ಜೊತೆಗಾರ ಹಿಡಿದು ಓಡಿ ಟಚ್‌ಡೌನ್ ಮಾಡಿದ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ, ಗೋಲ್ ಗೆರೆ, ದಾಟಿಸಿ ಅಂಕ ಗಳಿಸಿದ. ಜಾರ್ಜಿಯಾದ ಕೋಚ್ ಪಾಪ್ ವಾರ್ನರ್ ಕೂಗಾಡಿದರು. ರೆಫರಿ, ನಾನು ನೋಡಲಿಲ್ಲ ಎಂದುಬಿಟ್ಟ. ಅದನ್ನು ಕಣ್ಣಾರೆ ಕಂಡಿದ್ದ ಹೈಸ್‌ಮನ್‌ಗೆ ಅದು ತಲೆಯಿಂದ ಹೋಗಲೇ ಇಲ್ಲ.

ಅಂತೂ 1906ರಲ್ಲಿ ಅನುಮತಿ ಸಿಕ್ಕಿತು. ಕೊಟ್ಟ ರೀತಿ ಮಾತ್ರ, ಒಲ್ಲದ ಅತ್ತೆ ಸೊಸೆಗೆ ಬೀಗದ ಕೈ ಕೊಟ್ಟ ಹಾಗೆ. ಎಸೆಯಬಹುದು, ಆದರೆ ಚೆಂಡು ಶುರುವಾದ ಜಾಗದ ನೇರಕ್ಕೆ ಗೆರೆ ದಾಟಬಾರದು, ಎಡಕ್ಕೋ ಬಲಕ್ಕೋ ಕನಿಷ್ಠ 5 ಗಜ ಸರಿದು ದಾಟಬೇಕು. ಇದನ್ನು ಅಳೆಯೋಕೆಂದೇ ಮೈದಾನದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸುಣ್ಣದ ಗೆರೆ ಎಳೆದು ಚದುರಂಗದ ಮಣೆ ಮಾಡಿದರು. ಗೋಲ್ ಗೆರೆಯ ಆಚೆ ನಿಂತು ಹಿಡಿದರೆ ಟಚ್‌ಡೌನ್ ಇಲ್ಲ, ಚೆಂಡು ಎದುರಾಳಿಗೆ. ಹಿಡಿಯೋಕೆ ಹೋಗುವವನನ್ನು ದಾರಿಯಲ್ಲೇ ತಳ್ಳಿ ಬೀಳಿಸಿದರೂ ಕೇಳುವವರಿಲ್ಲ. ಎಲ್ಲಕ್ಕಿಂತ ಕ್ರೂರವಾದ ನಿಯಮ ಇನ್ನೊಂದು: ಎಸೆದ ಚೆಂಡನ್ನು ಯಾರೂ ಮುಟ್ಟದೆ ಅದು ನೆಲಕ್ಕೆ ಬಿದ್ದರೆ, ಎಸೆದ ಜಾಗದಲ್ಲೇ ಚೆಂಡು ಎದುರಾಳಿಯ ಪಾಲು. ಈಗ ಪಾಸ್ ತಪ್ಪಿದರೆ ಒಂದು ಡೌನ್ ಹೋಗುತ್ತದೆ, ಅಷ್ಟೇ. ಆಗ ಚೆಂಡೇ ಹೋಗುತ್ತಿತ್ತು. ಇಂಥ ಕರಾರಿನ ಮೇಲೆ ಯಾವ ಕೋಚ್ ತಾನೇ ಎಸೆಯಲು ಹೇಳುತ್ತಾನೆ? ದೊಡ್ಡ ಕಾಲೇಜುಗಳು, ಇದ್ದರೆ ಇರಲಿ ಎಂದು ಪಾಸನ್ನು ಮೂಲೆಗೆ ಇಟ್ಟವು. ಅದೇ ವರ್ಷ ಮೂರು ಡೌನ್‌ಗೆ 5 ಗಜದ ಬದಲು 10 ಗಜ ಮಾಡಿದ್ದರು. ಅದರ ಒತ್ತಡ ಇಲ್ಲದಿದ್ದರೆ ಪಾಸ್ ಅನ್ನೋದು ಪುಸ್ತಕದಲ್ಲೇ ಕೊಳೆಯುತ್ತಿತ್ತು ಅನ್ನಿಸುತ್ತದೆ.

ಇನ್ನು ಚೆಂಡಿನ ಮಾತು. ನೀವು ನೋಡಿದ ಚೆಂಡು ಎರಡು ತುದಿಯಲ್ಲಿ ಚೂಪು, ಒಂದು ಕೈಗೆ ಹಿಡಿಯುವಷ್ಟು ಸಪೂರ. ಆಗಿನದು ಹೊಟ್ಟೆ ಉಬ್ಬಿದ ಚೆಂಡು, ಸಣ್ಣ ಕಲ್ಲಂಗಡಿ ಹಣ್ಣು ಅಂದುಕೊಳ್ಳಿ. ಬಗಲಲ್ಲಿ ಅವುಚಿಕೊಂಡು ಓಡೋಕೆ, ಕಾಲಲ್ಲಿ ಒದೆಯೋಕೆ ಮಾಡಿದ್ದು. ಎಸೆಯುತ್ತಾರೆ ಎಂದು ಅದನ್ನು ಹೊಲಿದವರು ಕನಸಲ್ಲೂ ಯೋಚಿಸಿರಲಿಲ್ಲ. ಅದಕ್ಕೇ ಮೊದಲಿಗೆ ಎಸೆಯಲು ನೋಡಿದವರು ಎರಡೂ ಕೈಯಲ್ಲಿ ಹಿಡಿದು ತಳ್ಳುತ್ತಿದ್ದರು, ಇಲ್ಲವೇ ಅಂಗೈ ಮೇಲೆ ಇಟ್ಟುಕೊಂಡು ಬೀಸುತ್ತಿದ್ದರು. ಗಾಳಿಯಲ್ಲಿ ಅದು ಪಲ್ಟಿ ಹೊಡೆಯುತ್ತಾ, ಓಲಾಡುತ್ತಾ ಹೋಗಿ ಎಲ್ಲೋ ಬೀಳುತ್ತಿತ್ತು. ಈಗಿನ ಸಪೂರ ಚೆಂಡನ್ನೇ ನಾನು ಮೊದಲ ಸಲ ಪಾರ್ಕಿನಲ್ಲಿ ಎಸೆದಾಗ, ಹತ್ತು ಗಜ ಹೋಗುವಷ್ಟರಲ್ಲಿ ಅದಕ್ಕೆ ತಲೆ ತಿರುಗಿತ್ತು. ಇಂಥ ಎಸೆತಕ್ಕೆ ಅಮೆರಿಕದವರು ಬಾತುಕೋಳಿ ಅಂತಾರೆ. ಪಕ್ಕದಲ್ಲಿ ಆಡುತ್ತಿದ್ದ ಚಿಕ್ಕ ಹುಡುಗ ಕ್ವಾಕ್ ಕ್ವಾಕ್ ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಮದ್ದು ಇರುವುದು ತಿರುಗಿಸುವುದರಲ್ಲಿ. ಬುಗುರಿ ಆಡಿದ್ದೀರಲ್ಲ? ನಿಂತ ಬುಗುರಿ ತಕ್ಷಣ ಮಗುಚಿ ಬೀಳುತ್ತದೆ, ಗಿರ್ರನೆ ತಿರುಗುವ ಬುಗುರಿ ಮೊಳೆಯ ಮೇಲೆ ಅಲುಗದೆ ನಿಲ್ಲುತ್ತದೆ. ಉದ್ದ ಚೆಂಡೂ ಹಾಗೇ. ಮೂತಿಯಿಂದ ಬಾಲದವರೆಗಿನ ಗೆರೆಯನ್ನೇ ಅಚ್ಚು ಮಾಡಿಕೊಂಡು ಅದು ತಿರುಗಿದರೆ, ಮೂತಿ ಮುಂದಾಗಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ದೂರವೂ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹಿಡಿಯುವವನಿಗೆ ಮೊದಲೇ ಗೊತ್ತಾಗುತ್ತದೆ. ಇದಕ್ಕೆ ಸ್ಪೈರಲ್ ಅಂತಾರೆ. ಬುಗುರಿಗೆ ಚಾಟಿ ಇದೆ. ಚೆಂಡಿಗೆ ಏನಿದೆ? ಬೆರಳು. ಉಬ್ಬಿದ ಚೆಂಡಿನ ನುಣುಪು ಚರ್ಮದ ಮೇಲೆ ಬೆರಳಿಗೆ ಹಿಡಿತ ಎಲ್ಲಿಂದ ಬರಬೇಕು? ಇಲ್ಲೇ ರಾಬಿನ್ಸನ್ ಮತ್ತು ಅವನ ಕೋಚ್ ಬರುವುದು.

ಬ್ರಾಡ್‌ಬರಿ ರಾಬಿನ್ಸನ್ ಹುಟ್ಟಿದ್ದು 1884ರಲ್ಲಿ, ಒಹಾಯೊ ರಾಜ್ಯದ ಬೆಲ್‌ವ್ಯೂನಲ್ಲಿ. ಬೆಳೆದದ್ದು ನಿಮ್ಮ ಮಗಳಿರುವ ವಿಸ್ಕಾನ್ಸಿನ್‌ನ ಬಾರಬೂ ಊರಿನಲ್ಲಿ. ರಿಂಗ್ಲಿಂಗ್ ಸಹೋದರರ ಸರ್ಕಸ್ ಹುಟ್ಟಿದ ಊರು ಅದು. ಮೊದಲು ಸೇರಿದ್ದು ವಿಸ್ಕಾನ್ಸಿನ್ ಯೂನಿವರ್ಸಿಟಿಗೆ. ಅಲ್ಲಿ ಹೋವರ್ಡ್ ಸ್ಯಾವೇಜ್ ಎಂಬ ಜೊತೆ ಆಟಗಾರ ಚೆಂಡನ್ನು ಭುಜದ ಮೇಲಿಂದ ತಿರುಗಿಸಿ ಎಸೆಯೋದನ್ನು ನೋಡಿ ಕಲಿತ. ಆಗ ಮ್ಯಾಚಿನಲ್ಲಿ ಮುಂದಕ್ಕೆ ಎಸೆಯುವಂತೆಯೇ ಇಲ್ಲ, ಸುಮ್ನೆ ಆಟಕ್ಕೆ ಆಟ. ಆದರೂ ಹುಡುಗ ಬಿಡಲಿಲ್ಲ. 1904ರಲ್ಲಿ ಡಾಕ್ಟರ್ ಓದಲು ಮಿಸೌರಿಯ ಸೇಂಟ್ ಲೂಯಿಸ್ ಯೂನಿವರ್ಸಿಟಿಗೆ ಹೋದ. ಅದು ಜೆಸ್ಯೂಟ್ ಪಾದ್ರಿಗಳ ಸಂಸ್ಥೆ.

1906ರಲ್ಲಿ ಆ ಕಾಲೇಜಿಗೆ ಹೊಸ ಕೋಚ್ ಬಂದರು, ಎಡ್ಡಿ ಕೋಕಮ್ಸ್. ಅವರೂ ವಿಸ್ಕಾನ್ಸಿನ್‌ನವರೇ, ಅಲ್ಲೇ ಆಡಿ ಹೆಸರು ಮಾಡಿದವರು. ನಿಯಮ ಬದಲಾಗಿದೆ ಎಂದು ತಿಳಿದ ಬಹಳ ಕೋಚ್‌ಗಳು ಅಯ್ಯೋ ಎಂದರೆ, ಕೋಕಮ್ಸ್ ಮಾತ್ರ ಇಡೀ ಬೇಸಿಗೆಯನ್ನು ಅದಕ್ಕೇ ಮೀಸಲಿಟ್ಟರು. ಜುಲೈ-ಆಗಸ್ಟ್‌ನಲ್ಲಿ ತಂಡವನ್ನು ವಿಸ್ಕಾನ್ಸಿನ್‌ನ ಲೇಕ್ ಬ್ಯೂಲಾ ಎಂಬ ಕೆರೆಯ ಬಳಿ ಇದ್ದ ಜೆಸ್ಯೂಟರ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮುಖ್ಯ ಕೆಲಸ ಒಂದೇ, ಎಸೆಯೋದು ಮತ್ತು ಹಿಡಿಯೋದು.

ಅಲ್ಲಿ ಮಾಡಿದ ಅಭ್ಯಾಸದ ಸಾರ ಏನೆಂದು ಕೋಕಮ್ಸ್ ಮರುವರ್ಷ ತಾವೇ ಬರೆದರು. 1907ರ ಸ್ಪಾಲ್ಡಿಂಗ್ ಕಂಪನಿಯ ಫುಟ್‌ಬಾಲ್ ಕೈಪಿಡಿಯಲ್ಲಿ ಅವರ ಲೇಖನ ಇದೆ. ಚೆಂಡಿನ ಮೇಲೆ ದಾರ ಹೆಣೆದ ಒಂದು ಪಟ್ಟಿ ಇರುತ್ತದೆ, ಗಮನಿಸಿದ್ದೀರಾ? ಒಳಗೆ ರಬ್ಬರಿನ ಚೀಲ ತೂರಿಸಿ, ಬಾಯಿ ಮುಚ್ಚಲು ಹಾಕಿದ ಹೊಲಿಗೆ ಅದು. ಶೂ ಲೇಸ್ ಇದ್ದ ಹಾಗೆ. ಬೆರಳನ್ನು ಆ ಹೊಲಿಗೆಯ ಮೇಲೆ, ಚೆಂಡಿನ ತುದಿಯ ಹತ್ತಿರ ಇಡಿ, ಹೆಬ್ಬೆರಳು ಆಚೆ ಕಡೆ ಇರಲಿ, ಬಿಡುವಾಗ ಮಣಿಕಟ್ಟು ತಿರುಚಿ ಎಂದರು. ಆ ದಾರದ ಉಬ್ಬೇ ಬೆರಳಿಗೆ ಚಾಟಿಯಾಯಿತು. ಚೀಲ ಮುಚ್ಚೋಕೆ ಹಾಕಿದ ಹೊಲಿಗೆ ಎಸೆಯೋಕೆ ದಾರಿ ತೋರಿಸಿತು. ಇವತ್ತಿಗೂ ಹೆಚ್ಚಿನ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ತಂಡದಲ್ಲಿ ಚೆಂಡು ಎಸೆಯುವ ಆಟಗಾರರು, ಬೆರಳು ಇಡೋದು ಅಲ್ಲೇ. ನಿಮ್ಮ ಪ್ರಶ್ನೆಗೆ, ಅಂದರೆ ಎಸೆಯೋದರಲ್ಲಿ ಕಂಡುಹಿಡಿಯೋಕೆ ಏನಿದೆ ಅನ್ನೋದಕ್ಕೆ, ನನ್ನ ಉತ್ತರ ಈ ಹೊಲಿಗೆ. ಚೆಂಡನ್ನು ಇನ್ನಷ್ಟು ಉದ್ದ, ಸಪೂರ ಮಾಡಬೇಕು ಎಂದೂ ಕೋಕಮ್ಸ್ ಆಗಲೇ ಒತ್ತಾಯ ಮಾಡಿದ್ದರು. ಮುಂದೆ ಆದದ್ದೂ ಅದೇ.

ಈಗ ಆ ದಿನಕ್ಕೆ ಬರೋಣ. 1906, ಸೆಪ್ಟೆಂಬರ್ 5, ಬುಧವಾರ. ಹೆಚ್ಚಿನ ಕಾಲೇಜುಗಳ ಆಟ ಇನ್ನೂ ಶುರುವೇ ಆಗಿರಲಿಲ್ಲ. ಸೇಂಟ್ ಲೂಯಿಸ್ ತಂಡ ಹೇಗೂ ವಿಸ್ಕಾನ್ಸಿನ್‌ನಲ್ಲೇ ಬೀಡು ಬಿಟ್ಟಿತ್ತು, ವಾಪಸ್ ಹೋಗುವ ಮೊದಲು ಒಂದು ಮ್ಯಾಚ್ ಆಡಿಬಿಡೋಣ ಎಂದು ವಾಕಿಶಾ ಊರಿನ ಕ್ಯಾರೊಲ್ ಕಾಲೇಜಿನ ಮೈದಾನಕ್ಕೆ ಬಂತು. ಚರಿತ್ರೆ ಎಷ್ಟೋ ಸಲ ಇಂಥ ಕ್ಯಾಲೆಂಡರ್ ಕಾರಣಗಳಿಂದ ಆಗುತ್ತದೆ.

ಆಟದಲ್ಲಿ ಸೇಂಟ್ ಲೂಯಿಸ್‌ನ ನುಗ್ಗಾಟ ನಡೆಯಲಿಲ್ಲ. ಕ್ಯಾರೊಲ್ ಹುಡುಗರು ಗೋಡೆ ಹಾಗೆ ನಿಂತರು. ಕೋಕಮ್ಸ್ ಪಾಸ್‌ಗೆ ಸನ್ನೆ ಕೊಟ್ಟರು. ರಾಬಿನ್ಸನ್ ಎಸೆದ. ಓಡಿದ್ದ ಜ್ಯಾಕ್ ಶ್ನೈಡರ್‌ಗೆ ಅದು ಸಿಗಲಿಲ್ಲ. ಚೆಂಡು ನೆಲಕ್ಕೆ ಬಿತ್ತು. ನಿಯಮದ ಪ್ರಕಾರ ರೆಫರಿ ಚೆಂಡನ್ನು ಕ್ಯಾರೊಲ್‌ಗೆ ಕೊಟ್ಟ.

ಅಮೆರಿಕದ ಕಾಲೇಜು ಫುಟ್‌ಬಾಲಿನ ಮೊದಲ ಅಧಿಕೃತ ಫಾರ್ವರ್ಡ್ ಪಾಸ್ ಇದು. ಠುಸ್ ಪಟಾಕಿ.

ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಜಾಗ ಇದೇ. ಎರಡು ತಿಂಗಳು ಬೆವರು ಹರಿಸಿದ್ದು ಹೀಗಾಯಿತಲ್ಲ ಎಂದು ಬೇರೆ ಕೋಚ್ ಆಗಿದ್ದರೆ ಆ ದಿನಕ್ಕೆ ಪಾಸ್ ಮಾತು ಮುಗಿಸುತ್ತಿದ್ದ. ಹಳಬರು, ಹೇಳಿರಲಿಲ್ವಾ ಎಂದು ನಗುತ್ತಿದ್ದರು. ಕೋಕಮ್ಸ್ ಅದೇ ಆಟದಲ್ಲಿ ಮತ್ತೆ ಸನ್ನೆ ಕೊಟ್ಟರು. ರಾಬಿನ್ಸನ್ ಮತ್ತೆ ಎಸೆದ. ಈ ಸಲ 20 ಗಜ ದೂರದಲ್ಲಿ ಶ್ನೈಡರ್ ಕೈಗೆ ಬಂತು, ನೇರ ಟಚ್‌ಡೌನ್. ಸೇಂಟ್ ಲೂಯಿಸ್ 22-0ಯಿಂದ ಗೆದ್ದಿತು.

ಒಂದು ಮ್ಯಾಚ್ ಆಗಿದ್ದರೆ ಅದೃಷ್ಟ ಅನ್ನಬಹುದಿತ್ತು. ಆ ವರ್ಷ ಅವರು ಆಡಿದ 11 ಮ್ಯಾಚ್‌ಗಳನ್ನೂ ಗೆದ್ದರು. ಅವರು ಗಳಿಸಿದ ಅಂಕ 407, ಬಿಟ್ಟುಕೊಟ್ಟಿದ್ದು 11. ಕ್ಯಾನ್ಸಸ್‌ನಂಥ ಗಟ್ಟಿ ತಂಡವನ್ನು 34-2ರಲ್ಲಿ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅಯೋವಾವನ್ನು 39-0ಯಲ್ಲಿ ಮಣಿಸಿದರು. ಅಯೋವಾ ಮೇಲೆ ಎಸೆದ 10 ಪಾಸ್‌ಗಳಲ್ಲಿ 8 ಕೈಗೆ ಸಿಕ್ಕವು. ಚೆಂಡು ಉಬ್ಬಿದ್ದು, ತಪ್ಪಿದರೆ ಚೆಂಡೇ ಕೈಬಿಡುತ್ತದೆ, ಹಿಡಿಯುವವನನ್ನು ದಾರಿಯಲ್ಲಿ ಕೆಡವಬಹುದು. ಇಷ್ಟೆಲ್ಲದರ ನಡುವೆ ಹತ್ತಕ್ಕೆ ಎಂಟು! ಆ ದಿನ ಆಟ ನಡೆಸಿಕೊಟ್ಟವರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಹ್ಯಾಕೆಟ್ ಎಂಬ ಲೆಫ್ಟಿನೆಂಟ್ ಒಬ್ಬರು. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ರಾಬಿನ್ಸನ್‌ಗಿಂತ ಮೊದಲು ಯಾರೂ ಎಸೆದೇ ಇರಲಿಲ್ವಾ ಎಂದು ಯಾರಾದರೂ ಕೇಳಬಹುದು. ಎಸೆದಿದ್ದರು. ಅಟ್ಲಾಂಟಾದ ಕಳ್ಳ ಪಾಸ್ ಕಥೆ ಆಗಲೇ ಹೇಳಿದೆ. 1905ರ ಕ್ರಿಸ್‌ಮಸ್ ದಿನ ಕ್ಯಾನ್ಸಸ್‌ನ ವಿಚಿಟಾದಲ್ಲಿ ಫೇರ್‌ಮೌಂಟ್ ಮತ್ತು ವಾಶ್‌ಬರ್ನ್ ಕಾಲೇಜುಗಳು ಹೊಸ ನಿಯಮಗಳನ್ನು ಪರೀಕ್ಷೆ ಮಾಡಿ ನೋಡಲು ಒಂದು ಆಟ ಆಡಿದವು. ಅದರಲ್ಲೂ ಪಾಸ್‌ಗಳಾದವು, ಆಟ 0-0. ಆದರೆ ಅದು ಪ್ರಯೋಗ, ನಿಯಮ ಇನ್ನೂ ಜಾರಿಗೆ ಬಂದಿರಲಿಲ್ಲ. ಪೂರ್ವ ಕರಾವಳಿಯವರು ಬಹಳ ಕಾಲ, ಯೇಲ್ ಎದುರು ವೆಸ್ಲಿಯನ್ ಕಾಲೇಜು ಎಸೆದದ್ದೇ ಮೊದಲು ಅನ್ನುತ್ತಿದ್ದರು. ಅದು ಅಕ್ಟೋಬರ್ 3ರದ್ದು, ವಾಕಿಶಾ ಆಗಿ ಸುಮಾರು ಒಂದು ತಿಂಗಳ ಮೇಲೆ. ಮರುವರ್ಷ, ಅಟ್ಲಾಂಟಾದಲ್ಲಿ ಕೂಗಾಡಿದ್ದ ಅದೇ ಪಾಪ್ ವಾರ್ನರ್, ಮೂಲನಿವಾಸಿ ಹುಡುಗರ ಕಾರ್ಲೈಲ್ ಶಾಲೆಯ ಕೋಚ್ ಆಗಿ, ಪೀಟ್ ಹೌಸರ್ ಮತ್ತು ಫ್ರಾಂಕ್ ಮೌಂಟ್ ಪ್ಲೆಸೆಂಟ್ ಕೈಯಲ್ಲಿ ಪಾಸ್ ಎಸೆಸಿ ಬಲಿಷ್ಠ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯನ್ನು 26-6ರಲ್ಲಿ ಸೋಲಿಸಿದರು. ಆ ಹುಡುಗರದ್ದು ಬೇರೆಯೇ ದೊಡ್ಡ ಕಥೆ, ಇನ್ನೊಮ್ಮೆ ಯಾರಾದರೂ ಕೇಳಿದರೆ ಹೇಳುತ್ತೇನೆ.

ಹಾಗಾದರೆ ರಾಕ್ನಿ ಹೆಸರು ಹೇಗೆ ಬಂತು? 1913ರ ನವೆಂಬರ್ 1. ಇಂಡಿಯಾನಾದ ನೋಟರ್ ಡೇಮ್ ಆಗಿನ್ನೂ ಪೂರ್ವದವರಿಗೆ ಅಷ್ಟಾಗಿ ಗೊತ್ತಿಲ್ಲದ ಕಾಲೇಜು. ವೆಸ್ಟ್ ಪಾಯಿಂಟ್‌ಗೆ ಹೋಗಿ ಸೈನ್ಯದ ತಂಡವನ್ನು 35-13ರಲ್ಲಿ ಸೋಲಿಸಿತು. ಎಸೆದವನು ಗಸ್ ಡೊರೆ, 17ರಲ್ಲಿ 14 ಪಾಸ್ ಗುರಿ ಮುಟ್ಟಿಸಿ 243 ಗಜ ಗಳಿಸಿದ. ರಾಕ್ನಿ ಹಿಡಿದವನು, ಎಸೆದವನಲ್ಲ! ನಿಮ್ಮ ಪಕ್ಕದಲ್ಲಿದ್ದವರಿಗೆ ಇದನ್ನಾದರೂ ಹೇಳಬೇಕಿತ್ತು. ಇಬ್ಬರೂ ಅದೇ ಬೇಸಿಗೆಯಲ್ಲಿ ಈರಿ ಸರೋವರದ ದಡದ ಸೀಡರ್ ಪಾಯಿಂಟ್ ರೆಸಾರ್ಟಿನಲ್ಲಿ ಕೆಲಸ ಮಾಡುತ್ತಾ, ಬಿಡುವಿದ್ದಾಗ ಮರಳಿನ ಮೇಲೆ ಅಭ್ಯಾಸ ಮಾಡಿದ್ದರು. ಓಡುತ್ತಿರುವವನ ಹೆಜ್ಜೆಗೆ ಸರಿಯಾಗಿ ಚೆಂಡು ಕೊಡೋದು, ಮೈಗೆ ಅವುಚಿಕೊಳ್ಳದೆ ಬರೀ ಕೈಯಲ್ಲಿ ಹಿಡಿಯೋದು, ಇದನ್ನೆಲ್ಲ ಅವರು ಇನ್ನೊಂದು ಹಂತಕ್ಕೆ ಒಯ್ದರು ಅನ್ನೋದು ನಿಜ.

ಅಷ್ಟರಲ್ಲಿ ನಿಯಮವೂ ಸಡಿಲವಾಗಿತ್ತು. ಪಾಸ್ ತಪ್ಪಿದರೆ ಚೆಂಡೇ ಹೋಗುವ ಶಿಕ್ಷೆಯನ್ನು 1907ರಲ್ಲೇ ಮೊದಲೆರಡು ಡೌನ್‌ಗಳಿಗೆ 15 ಗಜದ ದಂಡಕ್ಕೆ ಇಳಿಸಿದ್ದರು. 1910ರಲ್ಲಿ 20 ಗಜಕ್ಕಿಂತ ದೂರ ಎಸೆಯಬಾರದು ಎಂದು ಹೊಸ ಹಗ್ಗ ಕಟ್ಟಿದರು. 1912ರಲ್ಲಿ ಅದನ್ನೂ ಬಿಚ್ಚಿದರು, ಡೌನ್ ನಾಲ್ಕಾಯಿತು, ಗೋಲ್ ಗೆರೆ ಆಚೆ 10 ಗಜದ ಜಾಗ ಬಂತು, ಚೆಂಡೂ ಸ್ವಲ್ಪ ತೆಳ್ಳಗಾಯಿತು. ರಾಬಿನ್ಸನ್‌ಗೆ ಇದ್ದ ಕಷ್ಟದಲ್ಲಿ ಅರ್ಧ ಡೊರೆಗೆ ಇರಲಿಲ್ಲ. ಡೊರೆಯನ್ನು ಸಣ್ಣದು ಮಾಡೋಕೆ ಇದನ್ನು ಹೇಳುತ್ತಿಲ್ಲ, ಆದರೆ ತೂಗುವಾಗ ಎರಡೂ ತಟ್ಟೆ ನೋಡಬೇಕಲ್ವಾ?

ಉಳಿದದ್ದು ನ್ಯೂಯಾರ್ಕ್ ಪತ್ರಿಕೆಗಳ ಕೆಲಸ. ಅವುಗಳ ಮಟ್ಟಿಗೆ ಫುಟ್‌ಬಾಲ್ ಅಂದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆರ್ಮಿ. ವಾಕಿಶಾ ಎಲ್ಲಿದೆ ಎಂದು ಆ ಸಂಪಾದಕರಿಗೆ ನಕ್ಷೆಯಲ್ಲೇ ಹುಡುಕಬೇಕಿತ್ತೇನೋ. ವೆಸ್ಟ್ ಪಾಯಿಂಟ್ ಅವರ ಮನೆ ಅಂಗಳ. ಅಲ್ಲಿ ನಡೆದದ್ದು ಮರುದಿನವೇ ಸುದ್ದಿ, ಏಳು ವರ್ಷ ಹಿಂದೆ ಮಿಸಿಸಿಪಿ ನದಿಯ ದಡದಲ್ಲಿ ನಡೆದದ್ದು ಆಗಲೂ ಇಲ್ಲ, ಈಗಲೂ ಇಲ್ಲ. ತಮಾಷೆ ಎಂದರೆ ಅದೇ ವೆಸ್ಟ್ ಪಾಯಿಂಟಿನ ಹ್ಯಾಕೆಟ್ 1906ರಲ್ಲೇ ಪಾಸ್ ಆಟವನ್ನು ಹತ್ತಡಿ ದೂರದಿಂದ ನೋಡಿದ್ದರು! ಮುಂದೆ ರಾಕ್ನಿ ನೋಟರ್ ಡೇಮ್ ಕೋಚ್ ಆಗಿ ದೇಶದ ಕಣ್ಮಣಿಯಾದರು. 1931ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು. 1940ರಲ್ಲಿ ಅವರ ಬದುಕಿನ ಮೇಲೆ ಹಾಲಿವುಡ್ ಸಿನಿಮಾ ಬಂತು. ಸಿನಿಮಾದಲ್ಲಿ ಒಮ್ಮೆ ತೋರಿಸಿದ ಮೇಲೆ ಅದನ್ನು ಅಳಿಸೋದು ಕಷ್ಟ, ನಮ್ಮಲ್ಲೂ ಎಷ್ಟೋ ಜನ ಇತಿಹಾಸ ಕಲಿತಿರುವುದು ರಾಜ್‌ಕುಮಾರ್ ಸಿನಿಮಾಗಳಿಂದಲೇ. ಸ್ವತಃ ರಾಕ್ನಿ ಈ ಹೆಗ್ಗಳಿಕೆ ತನ್ನದು ಅಂದುಕೊಂಡವರಲ್ಲ. ಸೇಂಟ್ ಲೂಯಿಸ್‌ನವರು ಮೊದಲೇ ಮಾಡಿದ್ದರು, ಪೂರ್ವದವರು ಆ ಕಡೆ ನೋಡಲೇ ಇಲ್ಲ ಎಂಬರ್ಥದಲ್ಲಿ ಅವರು ಬರೆದಿದ್ದಾರೆ.

ಸೇಂಟ್ ಲೂಯಿಸ್ ಹೆಸರು ಮಾಸಿಹೋಗಲು ಇನ್ನೂ ಒಂದು ಕಾರಣ ಇದೆ. 1908ರ ಸೀಸನ್ ಮುಗಿಸಿ ಕೋಕಮ್ಸ್ ಅಲ್ಲಿಂದ ಹೊರಟರು. 1949ರಲ್ಲಿ ಕಾಲೇಜು ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟಿತು. ಅಪ್ಪನ ಹೆಸರು ಹೇಳೋಕೆ ಮನೆಯಲ್ಲಿ ಮಕ್ಕಳೇ ಇಲ್ಲದ ಹಾಗಾಯಿತು. ಈಗ ಆ ಕಾಲೇಜು ಹೆಸರುವಾಸಿಯಾಗಿರುವುದು ಸಾಕರ್‌ಗೆ, ಅಂದರೆ ನಾವು ಫುಟ್‌ಬಾಲ್ ಅನ್ನುವ, ನಿಜವಾಗಿಯೂ ಕಾಲಲ್ಲಿ ಆಡುವ ಆಟಕ್ಕೆ. ಅದರಲ್ಲಿ 10 ಸಲ ರಾಷ್ಟ್ರೀಯ ಚಾಂಪಿಯನ್.

ಇನ್ನು ರಾಬಿನ್ಸನ್. ಇಲ್ಲಿಂದ ಮುಂದೆ ಬಹುವಚನ ಹಾಕಲೇಬೇಕು, 1908ರಲ್ಲಿ ಡಾಕ್ಟರ್ ಆದರಲ್ಲ. ಕ್ರೀಡೆಯನ್ನು ಬದುಕು ಮಾಡಿಕೊಳ್ಳಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋದರು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಯೂರೋಪಿನಲ್ಲೇ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆಯ ಕೆಲಸ ಮಾಡಿದರು. 1926ರಲ್ಲಿ ವಾಪಸ್ ಬಂದು ಮಿಶಿಗನ್‌ನ ಒಂದು ಚಿಕ್ಕ ಊರಿನಲ್ಲಿ ಕ್ಲಿನಿಕ್ ತೆರೆದರು. ಆ ಊರಿನ ಹೆಸರೂ ಸೇಂಟ್ ಲೂಯಿಸ್! ಜನ ಅವರನ್ನು ಎರಡು ಸಲ, 1931 ಮತ್ತು 1937ರಲ್ಲಿ, ಮೇಯರ್ ಮಾಡಿದರು.

ಆ ಊರಿನಲ್ಲಿದ್ದ ರಾಸಾಯನಿಕ ಕಾರ್ಖಾನೆಯಲ್ಲಿ 1940ರ ದಶಕದಲ್ಲಿ ಡಿಡಿಟಿ ತಯಾರಾಗುತ್ತಿತ್ತು. ಸೊಳ್ಳೆ, ನುಸಿ ಎಲ್ಲಕ್ಕೂ ರಾಮಬಾಣ ಎಂದು ಲೋಕವೇ ಕೊಂಡಾಡುತ್ತಿದ್ದ ಪುಡಿ. ಮಲೇರಿಯಾದವರು ಮನೆಗೆ ಬಂದು ಗೋಡೆಗೆ ಹೊಡೆದು ಹೋಗುತ್ತಿದ್ದದ್ದು ನಮ್ಮ ಕಡೆಯ ಹಿರಿಯರಿಗೂ ನೆನಪಿರುತ್ತದೆ. ಹೊಲಗಳಲ್ಲಿ ಇದನ್ನು ಹೀಗೆ ಸುರಿದರೆ ಬೇಡದ ಹುಳದ ಜೊತೆ ಬೇಕಾದದ್ದೂ ಸತ್ತು, ಪ್ರಕೃತಿಯ ಲೆಕ್ಕವೇ ತಪ್ಪುತ್ತದೆ ಎಂದು ಡಾಕ್ಟರ್ ರಾಬಿನ್ಸನ್ 1947ರಲ್ಲೇ ಎಚ್ಚರಿಸಿದರು. ಅದೂ ಆ ಪುಡಿಯ ಕಾರ್ಖಾನೆ ಇರುವ ಊರಿನಲ್ಲಿ ಕೂತು! ಅಮೆರಿಕ ಹೊಲಗಳಿಗೆ ಡಿಡಿಟಿ ಹೊಡೆಯೋದನ್ನು ನಿಷೇಧಿಸಿದ್ದು 1972ರಲ್ಲಿ. ಆ ಕಾರ್ಖಾನೆ ಇದ್ದ ಜಾಗದ ಮಣ್ಣಿನಲ್ಲಿ ಇಳಿದ ವಿಷವನ್ನು ತೆಗೆಯುವ ಕೆಲಸ ಸರ್ಕಾರಕ್ಕೆ ದಶಕಗಳ ತಲೆನೋವಾಯಿತು. ಇದನ್ನು ನೋಡಲು ಅವರು ಇರಲಿಲ್ಲ, 1949ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಹಳೆಯ ಕಾಲೇಜೂ ಚೆಂಡು ಕೆಳಗಿಟ್ಟಿತು.

ಮುಂದಿನ ಸಲ ಮಗಳ ಹತ್ತಿರ ಹೋದಾಗ ವಾಕಿಶಾಗೆ ಒಮ್ಮೆ ಹೋಗಿಬನ್ನಿ. ಮಿಲ್ವಾಕಿಯಿಂದ ಕಾರಿನಲ್ಲಿ ಅರ್ಧ ಗಂಟೆ. ಕ್ಯಾರೊಲ್ ಈಗ ಯೂನಿವರ್ಸಿಟಿಯಾಗಿದೆ, ಅಲ್ಲಿ ಇನ್ನೂ ಫುಟ್‌ಬಾಲ್ ಆಡುತ್ತಾರೆ. ಮ್ಯಾಚ್ ಇದ್ದರೆ ಎಸೆಯುವವನ ಕೈ ನೋಡಿ. ಚೆಂಡು ಬಂದ ತಕ್ಷಣ ಅವನು ಅದನ್ನು ಅಂಗೈಯಲ್ಲೇ ಒಂದು ಸುತ್ತು ತಿರುಗಿಸಿಕೊಳ್ಳುತ್ತಾನೆ. ಬೆರಳು ಆ ಹೊಲಿಗೆಯನ್ನು ಹುಡುಕುತ್ತಿರುತ್ತದೆ.